ಕ್ಲಿನ್ಸ್‌ಮನ್ ಮನೆ ಎಲ್ಲಿ? ಇಪ್ಪತ್ತು ವರ್ಷ ಎಳೆದಾಡಿದ ಒಂದು ಪ್ರಶ್ನೆ

2024ರ ಫೆಬ್ರುವರಿ 15ರಂದು ದಕ್ಷಿಣ ಕೊರಿಯಾದ ಫುಟ್‌ಬಾಲ್ ಸಂಸ್ಥೆಯ ಸಮಿತಿ ಸೋಲ್‌ನಲ್ಲಿ ಸಭೆ ಸೇರಿತ್ತು. ರಾಷ್ಟ್ರೀಯ ತಂಡದ ಕೋಚ್ ಯೂರ್ಗೆನ್ ಕ್ಲಿನ್ಸ್‌ಮನ್ ಅವರನ್ನು ಇಟ್ಟುಕೊಳ್ಳುವುದೋ ಕಳಿಸುವುದೋ ಎಂಬುದೇ ಅಂದಿನ ವಿಷಯ. ಆದರೆ ಕೋಚ್ ಸೋಲ್‌ನಲ್ಲಿ ಇರಲೇ ಇಲ್ಲ. ಅಮೆರಿಕದಿಂದ ವಿಡಿಯೊ ಮೂಲಕ ಸಭೆಗೆ ಹಾಜರಾಗಿದ್ದರು. ಏಷ್ಯನ್ ಕಪ್ ಸೆಮಿಫೈನಲ್‌ನಲ್ಲಿ ಸೋತು ತಂಡದೊಂದಿಗೆ ವಾಪಸಾದವರು ಎರಡೇ ದಿನಕ್ಕೆ ಮತ್ತೆ ವಿಮಾನ ಹತ್ತಿದ್ದರು. ಮರುದಿನ ಕೆಲಸ ಹೋಯಿತು.

'ಸಂಬಳ ಕೊರಿಯಾದ್ದು, ವಾಸ ಅಮೆರಿಕದಲ್ಲಿ' ಎಂಬ ದೂರು ಆ ದಿನಗಳಲ್ಲಿ ಎಲ್ಲೆಲ್ಲೂ ಕೇಳಿಬಂತು. ಹದಿನೆಂಟು ವರ್ಷಗಳ ಹಿಂದೆ ಜರ್ಮನಿಯಲ್ಲೂ ಇದೇ ದೂರಿತ್ತು, ಇದೇ ಮನುಷ್ಯನ ಮೇಲೆ. ಅಲ್ಲಿ ಮಾತ್ರ ಕೆಲವೇ ತಿಂಗಳಲ್ಲಿ ಅದು ಜೈಕಾರವಾಯಿತು. ಹಾಗಾದರೆ ತಕರಾರು ನಿಜಕ್ಕೂ ಮನೆಯ ಬಗ್ಗೆಯೇ? ಕತೆ ಸಾಕಷ್ಟು ಗೋಜಲಾಗಿದೆ, ಮೊದಲಿಂದಲೇ ಬಿಡಿಸಬೇಕು.

ಕ್ಲಿನ್ಸ್‌ಮನ್ ಹುಟ್ಟಿದ್ದು 1964ರಲ್ಲಿ, ಸ್ಟಟ್‌ಗಾರ್ಟ್ ಹತ್ತಿರದ ಗಪ್ಪಿಂಗೆನ್‌ನಲ್ಲಿ. ಅಪ್ಪನದು ಬೇಕರಿ. ಮಗನೂ ಬ್ರೆಡ್ ಮಾಡುವ ಕಸುಬು ಕಲಿತು ಸರ್ಟಿಫಿಕೇಟ್ ಪಡೆದವರೇ. ಹಿಟ್ಟು ನಾದುವ ಕೈ ಅದು, ಆದರೆ ಕಾಲು ಬೇರೆ ದಾರಿ ಹಿಡಿಯಿತು. ಸ್ಟಟ್‌ಗಾರ್ಟ್, ಇಂಟರ್ ಮಿಲಾನ್, ಮೊನಾಕೊ, ಟಾಟನ್‌ಹ್ಯಾಮ್, ಬಯರ್ನ್ ಮ್ಯೂನಿಕ್, ಸಂಪ್‌ಡೋರಿಯಾ ಎಂದು ಎಲ್ಲೂ ಹೆಚ್ಚು ಕಾಲ ನಿಲ್ಲದೆ ಆಡಿದರು. 1990ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು, 1996ರಲ್ಲಿ ನಾಯಕರಾಗಿ ವೆಂಬ್ಲಿಯಲ್ಲಿ ಯೂರೊ ಕಪ್ ಎತ್ತಿದರು. 108 ಅಂತರರಾಷ್ಟ್ರೀಯ ಪಂದ್ಯ, 47 ಗೋಲು. ಫೌಲ್ ಆದಂತೆ ನಟಿಸಿ ಬೀಳುತ್ತಾರೆ ಎಂದು ಇಂಗ್ಲೆಂಡಿನಲ್ಲಿ ಇವರಿಗೆ ಕೆಟ್ಟ ಹೆಸರಿತ್ತು. 1994ರಲ್ಲಿ ಟಾಟನ್‌ಹ್ಯಾಮ್ ಪರ ಮೊದಲ ಪಂದ್ಯದಲ್ಲೇ ಗೋಲು ಹೊಡೆದು, ಹುಲ್ಲಿನ ಮೇಲೆ ಬೇಕೆಂದೇ ಎದೆಯೂರಿ ಜಾರಿ ಆ ಹೆಸರನ್ನೇ ತಮಾಷೆಯಾಗಿಸಿಬಿಟ್ಟರು. ಆ ಋತು ಮುಗಿಯುವ ಹೊತ್ತಿಗೆ ಅಲ್ಲಿನ ಪತ್ರಕರ್ತರು ಇವರನ್ನೇ ವರ್ಷದ ಆಟಗಾರನಾಗಿ ಆರಿಸಿದ್ದರು.

1998ರ ವಿಶ್ವಕಪ್ ಮುಗಿದ ಮೇಲೆ ಬೂಟು ಬಿಚ್ಚಿ ಕ್ಯಾಲಿಫೋರ್ನಿಯಾದಲ್ಲಿ ಸಂಸಾರ ಹೂಡಿದರು. ಪತ್ನಿ ಅಮೆರಿಕದವರು. 2003ರಲ್ಲಿ ಅಲ್ಲಿನ ಕೆಳ ದರ್ಜೆಯ ಲೀಗ್ ಒಂದರಲ್ಲಿ ಚೆನ್ನಾಗಿ ಗೋಲು ಹೊಡೆಯುತ್ತಿದ್ದ 'ಜೇ ಗಪ್ಪಿಂಗೆನ್' ಎಂಬ ಹೊಂಬಣ್ಣದ ಕೂದಲಿನ ಆಟಗಾರ ಯಾರೆಂದು ನೋಡಿದರೆ, ಈ ವಿಶ್ವಕಪ್ ವಿಜೇತರೇ. ಯಾರೂ ಗುರುತು ಹಿಡಿಯದ ಬೀದಿಯಲ್ಲಿ ಬದುಕುವುದು ಅವರಿಗೆ ಅಷ್ಟು ಇಷ್ಟವಾಗಿತ್ತು. ಮುಂದಿನ ಜಗಳಗಳಿಗೆಲ್ಲ ಈ ಮನೆಯೇ ಮೂಲ ಎಂದು ಹಲವರು ಹೇಳುತ್ತಾರೆ.

2004ರ ಯೂರೊ ಕಪ್‌ನಲ್ಲಿ ಜರ್ಮನಿ ಒಂದೂ ಪಂದ್ಯ ಗೆಲ್ಲದೆ ಗುಂಪು ಹಂತದಲ್ಲೇ ಮನೆಗೆ ಬಂತು. ಕೋಚ್ ರೂಡಿ ಫೋಲರ್ ರಾಜೀನಾಮೆ ಕೊಟ್ಟರು. ವಿಶ್ವಕಪ್‌ಗೆ ಉಳಿದದ್ದು ಎರಡು ವರ್ಷ, ಅದೂ ಸ್ವಂತ ನೆಲದಲ್ಲಿ. ಕೋಚ್ ಹುದ್ದೆ ಕೊಡಲು ಹೋದರೆ ಅನುಭವಿ ಕೋಚ್ ಒಟ್ಮಾರ್ ಹಿಟ್ಸ್‌ಫೆಲ್ಡ್ ಬೇಡವೆಂದರು, ಅಂಥದೇ ಹಿರಿಯ ಓಟ್ಟೊ ರೆಹಾಗೆಲ್ ಕೂಡ ಬೇಡವೆಂದರು. ಕೊನೆಗೆ, ಅದುವರೆಗೆ ಯಾವ ತಂಡಕ್ಕೂ ಕೋಚ್ ಆಗಿರದ ಕ್ಲಿನ್ಸ್‌ಮನ್ ಬಂದರು. ಬಂದವರು ತಾನೊಬ್ಬನೇ ಬರಲಿಲ್ಲ ಎಂಬುದನ್ನು ಗಮನಿಸಬೇಕು. ಸಹಾಯಕ ಕೋಚ್ ಆಗಿ ಯೋಆಕಿಂ ಲೋವ್, ವ್ಯವಸ್ಥಾಪಕರಾಗಿ ಒಲಿವರ್ ಬಿಯರ್‌ಹಾಫ್, ಎದುರಾಳಿಗಳನ್ನು ಅಭ್ಯಾಸ ಮಾಡಲು ಸ್ವಿಟ್ಜರ್ಲೆಂಡಿನ ಊರ್ಸ್ ಸೀಗೆಂಥಾಲರ್, ಮನಶ್ಶಾಸ್ತ್ರಜ್ಞರಾಗಿ ಹನ್ಸ್ ಡೀಟರ್ ಹೆರ್ಮನ್, ಜೊತೆಗೆ ಅಮೆರಿಕದ ಫಿಟ್‌ನೆಸ್ ತಜ್ಞರ ದಂಡು.

ಘಟಾನುಘಟಿ ಆಟಗಾರರು ಕಾಲಿಗೆ ರಬ್ಬರ್ ಪಟ್ಟಿ ಬಿಗಿದುಕೊಂಡು ಏಡಿಯಂತೆ ಅಡ್ಡಡ್ಡ ನಡೆಯುವ ಚಿತ್ರಗಳು ಪತ್ರಿಕೆಗಳಿಗೆ ತಮಾಷೆಯ ಸರಕಾದವು. ಇವತ್ತು ನಮ್ಮ ಬಡಾವಣೆಯ ಜಿಮ್‌ಗಳಲ್ಲೂ ನೇತಾಡುವ ಪಟ್ಟಿಗಳವು. ಗೋಲ್‌ಕೀಪರ್‌ಗಳ ಕೋಚ್ ಆಗಿದ್ದ ದಂತಕತೆ ಸೆಪ್ ಮಾಯರ್ ಅವರನ್ನು ಕೈಬಿಟ್ಟು ಆಂಡ್ರಿಯಾಸ್ ಕೋಪ್ಕೆ ಅವರನ್ನು ತಂದರು. ಗೋಲ್‌ಕೀಪರ್ ಒಲಿವರ್ ಕಾನ್ ಕೈಯಿಂದ ನಾಯಕತ್ವ ಮೈಕೆಲ್ ಬಲಾಕ್‌ಗೆ ಹೋಯಿತು. ವಿಶ್ವಕಪ್‌ಗೆ ಎರಡು ತಿಂಗಳಿರುವಾಗ ಕಾನ್ ಅವರ ಜಾಗವೇ ಯೆನ್ಸ್ ಲೇಮನ್‌ಗೆ ಹೋಯಿತು. ಕುದುರೆ ಏರಿದವರನ್ನೆಲ್ಲ ಇಳಿಸುತ್ತಿದ್ದ ಈ ಮನುಷ್ಯ ಪಂದ್ಯ ಮುಗಿದೊಡನೆ ಕ್ಯಾಲಿಫೋರ್ನಿಯಾದ ವಿಮಾನ ಹತ್ತುತ್ತಿದ್ದರು. ಇಮೇಲ್‌ನಲ್ಲಿ, ಫೋನ್‌ನಲ್ಲಿ ಎಲ್ಲವೂ ನಡೆಯುತ್ತದೆ ಎನ್ನುವುದು ಅವರ ವಾದ. 2004ರಲ್ಲಿ 'ವರ್ಕ್ ಫ್ರಮ್ ಹೋಮ್' ಎಂದರೆ ಯಾರಿಗೂ ಅರ್ಥವಾಗದ ಕಾಲ.

ಹುಣ್ಣು ಒಡೆದದ್ದು 2006ರ ಮಾರ್ಚ್ 1ರಂದು, ಫ್ಲಾರೆನ್ಸ್‌ನಲ್ಲಿ. ಇಟಲಿ ಏಳೇ ನಿಮಿಷದಲ್ಲಿ ಎರಡು ಗೋಲು ಹೊಡೆದು 4-1ರಿಂದ ಗೆದ್ದಿತು. ಕೆಲವೇ ದಿನಗಳಲ್ಲಿ ಡ್ಯೂಸೆಲ್‌ಡಾರ್ಫ್‌ನಲ್ಲಿ ವಿಶ್ವಕಪ್ ತಂಡಗಳ ಕೋಚ್‌ಗಳ ಕಾರ್ಯಾಗಾರವಿತ್ತು. ಆತಿಥೇಯ ದೇಶದ ಕೋಚ್ ಮಾತ್ರ ಅಲ್ಲಿಗೆ ಬರಲಿಲ್ಲ, ಅವರು ಕ್ಯಾಲಿಫೋರ್ನಿಯಾದಲ್ಲಿದ್ದರು. ಸಂಘಟನಾ ಸಮಿತಿಯ ಮುಖ್ಯಸ್ಥ ಫ್ರಾನ್ಸ್ ಬೆಕನ್‌ಬಾವರ್ ಬಹಿರಂಗವಾಗಿಯೇ ಸಿಟ್ಟಾದರು. ಸಂಸತ್ತಿನ ಕ್ರೀಡಾ ಸಮಿತಿಯ ಮುಂದೆ ಕೋಚ್ ಬಂದು ವಿವರಣೆ ಕೊಡಲಿ ಎಂದು ಜನಪ್ರತಿನಿಧಿಗಳೂ ದನಿಯೆತ್ತಿದರು.

ಆಮೇಲಿನದು ನಮ್ಮಲ್ಲೂ ಅನೇಕರು ನಿದ್ದೆಗೆಟ್ಟು ನೋಡಿದ ಕತೆ. ಮೊದಲ ಪಂದ್ಯದಲ್ಲಿ ಕೋಸ್ಟರಿಕಾ ವಿರುದ್ಧ 4-2. ಪೋಲೆಂಡ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಒಂದು ಗೋಲು. ಕ್ವಾರ್ಟರ್ ಫೈನಲ್‌ನಲ್ಲಿ ಅರ್ಜೆಂಟೀನಾ ಎದುರು 1-1, ಪೆನಾಲ್ಟಿ ಶೂಟೌಟ್. ಅಲ್ಲಿ ಲೇಮನ್ ಕಾಲುಚೀಲದಿಂದ ಒಂದು ಚೀಟಿ ತೆಗೆದು ಓದುತ್ತಿದ್ದದ್ದು ನೆನಪಿರಬೇಕು. ಹೋಟೆಲ್‌ನ ಕಾಗದದ ಮೇಲೆ ಕೋಪ್ಕೆ ಪೆನ್ಸಿಲ್‌ನಲ್ಲಿ ಬರೆದುಕೊಟ್ಟದ್ದು ಅದು: ಯಾರು ಯಾವ ಕಡೆ ಒದೆಯುತ್ತಾರೆ ಎಂಬ ಟಿಪ್ಪಣಿ. ಕೊನೆಗೆ ಚೆಂಡಿನ ಮುಂದೆ ಬಂದು ನಿಂತ ಕಾಂಬಿಯಾಸೊ ಹೆಸರು ಅದರಲ್ಲಿ ಇರಲೇ ಇಲ್ಲ. ಆದರೂ ಲೇಮನ್ ಚೀಟಿಯನ್ನು ನಿಧಾನವಾಗಿ ನೋಡಿ, ಮಡಿಸಿ ಒಳಗಿಟ್ಟುಕೊಂಡರು. ಕಾಂಬಿಯಾಸೊ ಒದೆದರು, ಲೇಮನ್ ತಡೆದರು. ಆ ಚೀಟಿ ಆಮೇಲೆ ದಾನಕ್ಕಾಗಿ ಹರಾಜಾಗಿ 10 ಲಕ್ಷ ಯೂರೊ ತಂದಿತು. ಅಭ್ಯಾಸದ ಹೊತ್ತಿನಲ್ಲಿ ನಗೆಗೀಡಾಗಿದ್ದ ಸಿಬ್ಬಂದಿಯ ತಯಾರಿ ಎಷ್ಟಿತ್ತು ಎಂದು ಕಂಡದ್ದು ಅಂದು. ಕಂಡದ್ದು ಸಿಬ್ಬಂದಿಯ ತಯಾರಿ ಎಂಬುದನ್ನೂ ಮರೆಯುವಂತಿಲ್ಲ.

ಸೆಮಿಫೈನಲ್ ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡೂವರೆಗೆ ಶುರುವಾಗಿ, ಹೆಚ್ಚುವರಿ ಸಮಯದ ಕೊನೆಗೆ ಇಟಲಿಯ ಗ್ರೋಸೊ ಗೋಲು ಹೊಡೆದಾಗ ಬೆಳಗಿನ ಜಾವ. ಜರ್ಮನಿ ಸೋತಿತು, ಮೂರನೆಯ ಸ್ಥಾನಕ್ಕೆ ಪೋರ್ಚುಗಲ್ ವಿರುದ್ಧ ಗೆದ್ದಿತು. ನಾಲ್ಕು ತಿಂಗಳ ಹಿಂದೆ 'ಮನೆ ಎಲ್ಲಿ' ಎಂದು ಕೇಳಿದ ದೇಶ ಈಗ 'ಹೋಗಬೇಡಿ' ಎಂದು ಬೇಡಿಕೊಂಡಿತು. ಕ್ಲಿನ್ಸ್‌ಮನ್ ಹೋದರು. ಲೋವ್ ಕೋಚ್ ಆದರು, 2014ರಲ್ಲಿ ವಿಶ್ವಕಪ್ ತಂದರು.

ಗಂಟು ಬಿಗಿಯಾದದ್ದು ಇಲ್ಲಿಂದ. 2006ರ ಆಟ ಯಾರ ತಲೆಯಲ್ಲಿ ಹುಟ್ಟಿದ್ದು? ಹುರುಪು ಕ್ಲಿನ್ಸ್‌ಮನ್‌ದು, ಲೆಕ್ಕಾಚಾರ ಲೋವ್‌ದು ಎನ್ನುವುದು ಹಲವರ ತೀರ್ಮಾನ. ಆದರೆ ಲೋವ್ ಅವರನ್ನು ಕರೆತಂದವರು ಯಾರು, ಬಾಗಿಲು ಒದ್ದು ತೆರೆದವರು ಯಾರು ಎಂದು ಕೇಳಿದರೆ ಆ ತೀರ್ಮಾನ ಅಷ್ಟು ಸಲೀಸಲ್ಲ.

2008ರ ಮೇನಲ್ಲಿ ಬಯರ್ನ್ ತಂಡ ಕೋಲ್ಕತ್ತಕ್ಕೆ ಬಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮೋಹನ್ ಬಾಗನ್ ವಿರುದ್ಧ ಆಡಿತು. ಒಲಿವರ್ ಕಾನ್‌ಗೆ ವಿದಾಯ ಎಂದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಕಾನ್ ಹೀಗೆ ಬಯರ್ನ್ ಬಿಟ್ಟ ಬೇಸಿಗೆಯಲ್ಲೇ, ಅವರನ್ನು ಬೆಂಚಿಗೆ ಕೂರಿಸಿದ್ದ ಕ್ಲಿನ್ಸ್‌ಮನ್ ಅಲ್ಲಿಗೆ ಕೋಚ್ ಆಗಿ ಬಂದರು. ತರಬೇತಿ ಕೇಂದ್ರವನ್ನು ಹೊಸದಾಗಿ ಕಟ್ಟಿಸಿದರು, ಚಾವಣಿಯ ಮೇಲೆ ಬುದ್ಧನ ಮೂರ್ತಿಗಳು ಬಂದವು. ಪಕ್ಕದಲ್ಲಿ ಲೋವ್ ಇರಲಿಲ್ಲ. ಬಾರ್ಸಿಲೋನಾದಲ್ಲಿ 4-0, ವುಲ್ಫ್ಸ್‌ಬರ್ಗ್‌ನಲ್ಲಿ 5-1ರ ಸೋಲು. ಲೀಗ್‌ನ ಐದು ಪಂದ್ಯ ಬಾಕಿ ಇರುವಾಗಲೇ, 2009ರ ಏಪ್ರಿಲ್‌ನಲ್ಲಿ ಕ್ಲಬ್ ಅವರನ್ನು ಕೈಬಿಟ್ಟಿತು. ಅಲ್ಲಿ ನಡೆದದ್ದು ಬಹುಪಾಲು ಫಿಟ್‌ನೆಸ್ ಮಾತ್ರ, ತಂತ್ರ ತೀರಾ ಕಡಿಮೆ ಎಂದು ಆ ತಂಡದ ಆಟಗಾರ ಫಿಲಿಪ್ ಲಾಮ್ ಎರಡು ವರ್ಷದ ನಂತರ ಬರೆದರು. ಬಯರ್ನ್ ಕೋಚ್ ಆಗಿದ್ದಾಗ ಅವರ ಮನೆ ಮ್ಯೂನಿಕ್‌ನಲ್ಲೇ ಇತ್ತು.

2011ರಿಂದ 2016ರವರೆಗೆ ಅಮೆರಿಕದ ರಾಷ್ಟ್ರೀಯ ತಂಡ. ಮನೆಯ ಪ್ರಶ್ನೆಯೇ ಇಲ್ಲ ಎಂದುಕೊಂಡರೆ ಅಲ್ಲಿ ಅದು ತಲೆಕೆಳಗಾಗಿ ಎದ್ದಿತು. ಜರ್ಮನಿಯಲ್ಲಿ 'ತೀರಾ ಅಮೆರಿಕನ್' ಎನಿಸಿಕೊಂಡವರು ಅಮೆರಿಕದಲ್ಲಿ 'ತೀರಾ ಜರ್ಮನ್' ಆದರು. 2014ರ ವಿಶ್ವಕಪ್ ತಂಡಕ್ಕೆ ಜರ್ಮನಿಯಲ್ಲಿ ಬೆಳೆದ ಐವರನ್ನು ಆರಿಸಿ, ಅಮೆರಿಕದ ಮನೆಮಾತಾಗಿದ್ದ ಲ್ಯಾಂಡನ್ ಡೊನೊವನ್ ಅವರನ್ನು ಬಿಟ್ಟದ್ದೇ ಕಾರಣ. ಆ ಕೂಟದಲ್ಲಿ ಅಮೆರಿಕ ಹೊಡೆದ ಐದು ಗೋಲಿನಲ್ಲಿ ಮೂರು ಈ ಐವರಲ್ಲಿ ಮೂವರದ್ದು, ಬ್ರೂಕ್ಸ್, ಜೋನ್ಸ್ ಮತ್ತು ಗ್ರೀನ್ ಅವರವು. ಡೊನೊವನ್ ವಾದ ಮಾತ್ರ ಇನ್ನೂ ತಣ್ಣಗಾಗಿಲ್ಲ.

ಬರ್ಲಿನ್‌ನ ಹೆರ್ಥಾ ಕ್ಲಬ್‌ನ ಅಧ್ಯಾಯ ಚಿಕ್ಕದು: 2019ರ ನವೆಂಬರ್‌ನಿಂದ 76 ದಿನ. ಕೋಚಿಂಗ್ ಲೈಸೆನ್ಸ್ ತೋರಿಸಿ ಎಂದರೆ ಅದು ಕ್ಯಾಲಿಫೋರ್ನಿಯಾದ ಮನೆಯ ಡ್ರಾಯರ್‌ನಲ್ಲಿದೆ ಎಂಬ ಉತ್ತರ ಬಂತು. ಮುಂದೆ ಫೇಸ್‌ಬುಕ್‌ನಲ್ಲಿ ಒಂದು ಪೋಸ್ಟ್ ಹಾಕಿ ರಾಜೀನಾಮೆ ಘೋಷಿಸಿದರು.

ಇಷ್ಟೆಲ್ಲ ಗೊತ್ತಿದ್ದೂ ಕೊರಿಯಾ 2023ರ ಫೆಬ್ರುವರಿಯಲ್ಲಿ ಅವರನ್ನು ಕರೆಯಿತು. ಅಲ್ಲೇ ವಾಸವಿರುತ್ತಾರೆ ಎಂದು ಸಂಸ್ಥೆ ಹೇಳಿತ್ತು. ಮೊದಲ ಗೆಲುವು ಬಂದದ್ದು ಆರನೆಯ ಪಂದ್ಯದಲ್ಲಿ. ತಂಡದ ಪ್ರಮುಖ ಆಟಗಾರರಾದ ಸನ್ ಹ್ಯೂಂಗ್ ಮಿನ್ ಲಂಡನ್‌ನಲ್ಲಿ, ಕಿಮ್ ಮಿನ್ ಜೇ ಮ್ಯೂನಿಕ್‌ನಲ್ಲಿ ಆಡುವಾಗ ಕೋಚ್ ಸೋಲ್‌ನಲ್ಲಿ ಕೂತು ನೋಡುವುದೇನನ್ನು ಎಂಬ ಅವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಏಷ್ಯನ್ ಕಪ್ ಸೆಮಿಫೈನಲ್‌ನಲ್ಲಿ ಜೋರ್ಡಾನ್ ವಿರುದ್ಧ ಅದೇ ತಂಡ ಗೋಲ್‌ಪೆಟ್ಟಿಗೆಯತ್ತ ನೇರವಾಗಿ ಒಂದು ಹೊಡೆತವನ್ನೂ ಹೊಡೆಯದೆ 0-2ರಿಂದ ಸೋತಿತು. ಹಿಂದಿನ ರಾತ್ರಿ ಟೇಬಲ್ ಟೆನಿಸ್ ಆಡಲು ಊಟದಿಂದ ಬೇಗ ಎದ್ದ ಕಿರಿಯರಿಗೂ ನಾಯಕ ಸನ್‌ಗೂ ತಳ್ಳಾಟವಾಗಿ, ಸನ್ ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಆಡಿದ್ದರು. ಕೋಚ್ ಅದೇ ಹೋಟೆಲ್‌ನಲ್ಲಿದ್ದರು. ಮನೆ ದೂರವಿದ್ದದ್ದಕ್ಕೆ ಆದ ಜಗಳವಲ್ಲ ಅದು.

ಅವರು ಹೋದ ಮೇಲೆ ಬಂದ ಹೊಸ ಕೋಚ್ ಹಾಂಗ್ ಮ್ಯೂಂಗ್ ಬೊ ಕೊರಿಯಾದವರೇ. ಆದರೂ ಅವರ ನೇಮಕವೂ ವಿವಾದವಾಗಿ ಸಂಸತ್ತಿನವರೆಗೆ ಹೋಯಿತು. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಸ್ಕೃತಿ ಮತ್ತು ಕ್ರೀಡಾ ಸಚಿವಾಲಯ ತನಿಖೆಯ ಮಧ್ಯಂತರ ವರದಿ ಹೊರಗಿಟ್ಟಿತು. ಕ್ಲಿನ್ಸ್‌ಮನ್ ಅವರನ್ನು ಆರಿಸುವಾಗಲೂ ಹಾಂಗ್ ಅವರನ್ನು ಆರಿಸುವಾಗಲೂ ಸಂಸ್ಥೆ ತನ್ನದೇ ನಿಯಮಗಳನ್ನು ಪಾಲಿಸಿರಲಿಲ್ಲ ಎಂದು ಅದು ಹೇಳಿತು.