ಬೇರೆ ಗ್ರಹದವರಲ್ಲಿ ನಮ್ಮನ್ನೇ ಕಾಣುವುದು: ಸೈ-ಫೈ ಟಿವಿ ಮತ್ತು ಪ್ರೇಕ್ಷಕರ ಗುರುತು

'ಸೈನ್ಸ್ ಫಿಕ್ಷನ್ ಧಾರಾವಾಹಿಗಳು ಪ್ರೇಕ್ಷಕರ ಗುರುತನ್ನು (ಅಂದರೆ ಅವರು ತಮ್ಮನ್ನು ಯಾರೆಂದು ಕಾಣುತ್ತಾರೋ ಅದನ್ನು) ಪ್ರತಿಬಿಂಬಿಸುತ್ತವೆ' ಅನ್ನೋ ಸಾಲನ್ನು ಪ್ರಬಂಧದಲ್ಲಿ ಬರೆಯೋದು ಸುಲಭ. ಹೇಗೆ ಅಂತ ಯಾರಾದ್ರೂ ಕೇಳಿದರೆ ತಡವರಿಸುತ್ತೇವೆ. ಯಾಕಂದ್ರೆ ತೆರೆ ಮೇಲಿರುವವರು ನೋಡುವವರ ಥರ ಇರೋದೇ ಇಲ್ಲ. ಕಿವಿ ಚೂಪು, ರಕ್ತ ಹಸಿರು, ಊರು ಇನ್ಯಾವುದೋ ಗ್ರಹದಲ್ಲಿ. ನನ್ನ ಪ್ರಕಾರ ಉತ್ತರ ಇರುವುದೂ ಅಲ್ಲೇ. ಪಾತ್ರ ಯಾರನ್ನೂ ಹೆಸರಿಟ್ಟು ತೋರಿಸುವುದಿಲ್ಲ, ಹಾಗಾಗಿ ಯಾರು ಬೇಕಾದರೂ ಅದರೊಳಗೆ ಹೊಕ್ಕು ಕೂರಬಹುದು.

ಸ್ಪಾಕ್‌ನನ್ನೇ ತಗೊಳ್ಳಿ. 1966ರಲ್ಲಿ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಶುರುವಾದ, ಬಾಹ್ಯಾಕಾಶ ಹಡಗೊಂದರ ಕಥೆಯಾದ 'ಸ್ಟಾರ್ ಟ್ರೆಕ್'ನಲ್ಲಿ ಅವನ ಅಪ್ಪ ವಲ್ಕನ್ ಗ್ರಹದವನು, ಅಮ್ಮ ಮನುಷ್ಯಳು. 1968ರಲ್ಲಿ ಒಬ್ಬ ಹುಡುಗಿ ಒಂದು ಹದಿಹರೆಯದವರ ಪತ್ರಿಕೆಯ ಮೂಲಕ ಸ್ಪಾಕ್‌ಗೆ ಕಾಗದ ಬರೆದಳು. ಗಮನಿಸಿ, ನಟನಿಗಲ್ಲ, ಪಾತ್ರಕ್ಕೆ. ಅವಳ ಅಮ್ಮ ಕಪ್ಪು ಜನಾಂಗದವಳು, ಅಪ್ಪ ಬಿಳಿಯ. ಎರಡೂ ಕಡೆಯ ಮಕ್ಕಳು ತನ್ನನ್ನು ಸೇರಿಸಿಕೊಳ್ಳುವುದಿಲ್ಲ ಅಂತ ಅವಳ ಅಳಲು. ನಟ ಲಿಯೊನಾರ್ಡ್ ನಿಮೊಯ್ ಅದೇ ಪತ್ರಿಕೆಯಲ್ಲಿ ಉದ್ದದ ಉತ್ತರ ಕೊಟ್ಟರು. ಸ್ಪಾಕ್‌ಗೂ ಚಿಕ್ಕಂದಿನಲ್ಲಿ ಇದೇ ಪಾಡಾಗಿತ್ತು, ಎಲ್ಲರಿಗೂ ಇಷ್ಟವಾಗಬೇಕು ಅನ್ನುವ ಆಸೆಯನ್ನು ಅವನು ಬದಿಗಿಟ್ಟು ಏನಾದರೂ ಸಾಧಿಸುವ ಕಡೆ ಮನಸ್ಸು ಕೊಟ್ಟ ಅನ್ನುವುದು ಅದರ ಸಾರ. ಅಮೆರಿಕದಲ್ಲಿ ಅಂತರ್‌ಜನಾಂಗೀಯ ಮದುವೆ ತಡೆಯುವ ಕಾನೂನುಗಳನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ್ದೇ 1967ರಲ್ಲಿ. ಅಂಥ ಮದುವೆಯಲ್ಲಿ ಹುಟ್ಟಿದ ಮಗುವಿನ ಒಂಟಿತನದ ಬಗ್ಗೆ ಧಾರಾವಾಹಿ ನೇರವಾಗಿ ಏನೂ ಹೇಳಿರಲಿಲ್ಲ. ಆ ಹುಡುಗಿ ಮಾತ್ರ ಅದನ್ನು ಅಲ್ಲಿ ಓದಿಕೊಂಡಳು.

ಇಲ್ಲಿ ಬ್ರಿಟನ್ನಿನ ಸಂಸ್ಕೃತಿ ಚಿಂತಕ ಸ್ಟುವರ್ಟ್ ಹಾಲ್ ನೆನಪಿಗೆ ಬರಬೇಕು. 1973ರಲ್ಲಿ ಅವರು ಮಂಡಿಸಿದ ಎನ್‌ಕೋಡಿಂಗ್-ಡಿಕೋಡಿಂಗ್ ವಾದ ಇಷ್ಟೇ: ಮಾಡಿದವರು ಒಂದು ಅರ್ಥ ತುಂಬಿ ಕಳಿಸುತ್ತಾರೆ, ನೋಡುವವರು ಅದನ್ನು ಹಾಗೇ ಒಪ್ಪಬಹುದು, ಅರ್ಧಂಬರ್ಧ ಒಪ್ಪಬಹುದು, ಇಲ್ಲಾ ತಿರುಗಿ ಬೀಳಬಹುದು. ಇಷ್ಟು ಗೊತ್ತಿದ್ದರೆ ಸಾಕು, ಮುಂದಿನದು ಅರ್ಥವಾಗುತ್ತದೆ.

ಅದೇ ಧಾರಾವಾಹಿಯ ಜನವರಿ 1969ರ ಒಂದು ಕಂತಿನಲ್ಲಿ ಇಬ್ಬರು ಶತ್ರುಗಳು ಬರುತ್ತಾರೆ, ಬೀಲ್ ಮತ್ತು ಲೊಕಾಯ್. ಇಬ್ಬರ ಮುಖವೂ ಅರ್ಧ ಕಪ್ಪು, ಅರ್ಧ ಬಿಳಿ. ಲೊಕಾಯ್ ಕೀಳು ಕುಲದವನು ಅಂತ ಬೀಲ್ ಹೇಳಿದಾಗ ಕ್ಯಾಪ್ಟನ್‌ಗೆ ತಲೆಬುಡ ತಿಳಿಯುವುದಿಲ್ಲ, ಇಬ್ಬರೂ ಒಂದೇ ಥರ ಇದ್ದೀರಲ್ಲ ಅಂತಾನೆ ಸ್ಪಾಕ್. ನನ್ನ ಬಲಭಾಗ ಕಪ್ಪು, ಅವನ ಎಡಭಾಗ ಕಪ್ಪು ಅಂತ ಬೀಲ್ ರೇಗುತ್ತಾನೆ. ಬಹಳಷ್ಟು ಪ್ರೇಕ್ಷಕರೂ ಅಲ್ಲಿಯವರೆಗೆ ಅದನ್ನು ಗಮನಿಸಿರುವುದಿಲ್ಲ. ಪಾಠ ತುಂಬಾ ಮುಖಕ್ಕೆ ಹೊಡೆದ ಹಾಗಿದೆ ಅಂತ ಎಷ್ಟೋ ಜನ ಮೂಗು ಮುರಿಯುತ್ತಾರೆ, ಒಪ್ಪೋಣ. ಆದರೂ ಆ ಒಂದು ಕ್ಷಣದಲ್ಲಿ ನೋಡುವವನ ಕಣ್ಣನ್ನೇ ಸಾಕ್ಷಿಗೆ ಕರೆದ ರೀತಿ ಚೆನ್ನಾಗಿದೆ, ಅಲ್ವಾ?

ಇದಕ್ಕಿಂತ ಗಟ್ಟಿ ಕೆಲಸ ಮಾಡಿದ್ದು 'ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ'. 2006ರಲ್ಲಿ, ಅಂದರೆ ಅಮೆರಿಕದ ಸೈನ್ಯ ಇರಾಕ್‌ನಲ್ಲಿದ್ದಾಗಲೇ, ಅದರ ಮೂರನೇ ಸೀಸನ್ ಶುರುವಾಯಿತು. ಸೈಲಾನ್ ಅನ್ನುವ ಯಂತ್ರಜೀವಿಗಳು ಮನುಷ್ಯರ ನೆಲೆಯನ್ನು ವಶಪಡಿಸಿಕೊಂಡಿವೆ, ಅಲ್ಲಿನ ಕೆಲವರನ್ನೇ ಪೊಲೀಸರಾಗಿ ನೇಮಿಸಿಕೊಂಡಿವೆ. ಆ ಪೊಲೀಸರ ಸಮಾರಂಭಕ್ಕೆ ನುಗ್ಗಿ ಆತ್ಮಾಹುತಿ ಬಾಂಬ್ ಸಿಡಿಸುವವನು ಮನುಷ್ಯ, ಅದೂ ನಾವು ಮೆಚ್ಚಿಕೊಂಡು ಬಂದ ಕಡೆಯವನು. ಸುದ್ದಿಯಲ್ಲಿ 'ಅವರು' ಆಗಿದ್ದವರ ಜಾಗದಲ್ಲಿ ಅಮೆರಿಕದ ಪ್ರೇಕ್ಷಕ ಒಂದು ಗಂಟೆ ಕೂತ. ಇದೇ ಕಥೆಯನ್ನು ಬಾಗ್ದಾದ್ ಹೆಸರಿಟ್ಟು ಮಾಡಿದ್ದರೆ ಅರ್ಧ ಜನ ಚಾನೆಲ್ ಬದಲಾಯಿಸುತ್ತಿದ್ದರು ಅಂತ ನನಗನಿಸುತ್ತದೆ.

ಹಾಗಂತ ಈ ಧಾರಾವಾಹಿಗಳೆಲ್ಲ ಕಾಲಕ್ಕಿಂತ ಮುಂದಿದ್ದವು ಅಂತ ಸುಮ್ನೆ ಬರೆದುಬಿಡಬೇಡಿ. 'ಸ್ಟಾರ್ ಟ್ರೆಕ್'ನ ಮೊದಲ ಪೈಲಟ್‌ನಲ್ಲಿ (ಚಾನೆಲ್‌ನವರಿಗೆ ತೋರಿಸಲು ಮಾಡುವ ಮಾದರಿ ಕಂತು) ಹಡಗಿನ ಎರಡನೇ ಅಧಿಕಾರಿ ಹೆಂಗಸು. ಎನ್‌ಬಿಸಿ ಆ ಪೈಲಟ್ ಒಪ್ಪಲಿಲ್ಲ, ಎರಡನೆಯದರಲ್ಲಿ ಆ ಪಾತ್ರವೇ ಇಲ್ಲ. ಹಡಗಿನ ಸಂಪರ್ಕಾಧಿಕಾರಿ ಊಹುರಾ ಪಾತ್ರ ಮಾಡಿದ ಕಪ್ಪು ಜನಾಂಗದ ನಟಿ ನಿಶೆಲ್ ನಿಕೋಲ್ಸ್‌ಗೆ ಸಿಗುತ್ತಿದ್ದ ಮಾತುಗಳೂ ಕಮ್ಮಿ. ಬಿಟ್ಟು ಹೋಗಲು ಹೊರಟಿದ್ದ ತನ್ನನ್ನು ಮಾರ್ಟಿನ್ ಲೂಥರ್ ಕಿಂಗ್ ತಡೆದರು ಅಂತ ಅವರು ಹಲವು ಸಲ ಹೇಳಿಕೊಂಡಿದ್ದಾರೆ. ಆ ಚಿಕ್ಕ ಪಾತ್ರವನ್ನೇ ನೋಡಿ ಬೆಳೆದ ಮೇ ಜೆಮಿಸನ್ 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆಯಾದರು.

ಕೊನೆಯ ಅಂಶ ಅಭಿಮಾನಿಗಳದ್ದು, ಇದು ಸ್ವಲ್ಪ ತೊಡಕಿನದ್ದು. 'ಸ್ಟಾರ್ ಟ್ರೆಕ್' ನಿಲ್ಲಿಸಬೇಡಿ ಅಂತ ಎನ್‌ಬಿಸಿಗೆ ರಾಶಿ ರಾಶಿ ಕಾಗದ ಬರೆದವರು, ತಾವೇ ಕಥೆ ಬರೆದು ಕೈಪತ್ರಿಕೆ ಹಂಚಿದವರು (ಇವರಲ್ಲಿ ಹೆಂಗಸರೇ ಜಾಸ್ತಿ), ಇಂಥವರ ಬಗ್ಗೆ ಅಮೆರಿಕದ ಮಾಧ್ಯಮ ವಿದ್ವಾಂಸ ಹೆನ್ರಿ ಜೆಂಕಿನ್ಸ್ 1992ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅಷ್ಟು ಹೊತ್ತಿಗೆ 'ನಾನು ಇದರ ಅಭಿಮಾನಿ' ಅನ್ನುವುದೇ ಒಂದು ಗುರುತು. ಗುರುತು ಅಂದ ಮೇಲೆ ಬೇಲಿಯೂ ಬರುತ್ತದೆ. ಬಿಬಿಸಿಯ 'ಡಾಕ್ಟರ್ ಹೂ'ನಲ್ಲಿ ಡಾಕ್ಟರ್ ಅನ್ನುವ ನಾಯಕ ಸಾಯುವ ಬದಲು ಹೊಸ ಮುಖ ಪಡೆಯುವುದು 1966ರಿಂದ ಇದೆ, ಮೊದಲ ನಟನ ಆರೋಗ್ಯ ಕೆಟ್ಟಿದ್ದಕ್ಕೆ ಹುಡುಕಿಕೊಂಡ ಉಪಾಯ ಅದು. ಅರ್ಧ ಶತಮಾನ ಮುಖ ಬದಲಾಗುತ್ತಲೇ ಇದ್ದದ್ದನ್ನು ಒಪ್ಪಿದ್ದವರಲ್ಲೇ ಕೆಲವರು, 2017ರಲ್ಲಿ ಆ ಪಾತ್ರಕ್ಕೆ ನಟಿ ಜೋಡಿ ವಿಟ್ಟೇಕರ್ ಹೆಸರು ಪ್ರಕಟವಾದಾಗ, ಡಾಕ್ಟರ್ ಹೆಣ್ಣಾಗುವುದೇ ಅಂತ ಸಿಟ್ಟಾದರು. ಇನ್ನು ಕೆಲವರು ಕಣ್ಣೀರು ಬರುವಷ್ಟು ಖುಷಿಪಟ್ಟರು. ಹಾಲ್ ಅವರ ವಾದಕ್ಕೆ ಉದಾಹರಣೆ ಕೊಡಿ ಅಂದರೆ ಈ ಎರಡು ಗುಂಪನ್ನೂ ಪಕ್ಕಪಕ್ಕ ಇಟ್ಟು ಬರೆಯಿರಿ, ಬರೀ ಖುಷಿಪಟ್ಟವರನ್ನಲ್ಲ.