ಬಾಯಿಗೂ ಸ್ವಲ್ಪ ಬಿಡುವು ಬೇಕು

"ಡಾಕ್ಟ್ರೇ, ಹಲ್ಲಿಗೆ ಹುಳ ಹಿಡಿದಿದೆ. ಅದನ್ನ ತೆಗೆದುಬಿಡಿ, ಸಾಕು."

ವಾರಕ್ಕೆ ಒಬ್ಬರಾದರೂ ಹೀಗೆ ಹೇಳಿಕೊಂಡು ಬರುತ್ತಾರೆ. ತಪ್ಪು ಅವರದಲ್ಲ. ಆ ಹುಳ ನಮ್ಮ ಮಾತಿನಲ್ಲೇ ಕೂತುಬಿಟ್ಟಿದೆ. ಹುಳುಕು ಹಲ್ಲು ಅಂತ ನಾನೂ ಅನ್ನುತ್ತೇನೆ, ಬೇರೆ ಪದ ಬಾಯಿಗೆ ಬರುವುದಿಲ್ಲ. ಇದು ನಮ್ಮೊಬ್ಬರ ಕಲ್ಪನೆಯೂ ಅಲ್ಲ. ಸಾವಿರಾರು ವರ್ಷ ಹಿಂದೆ ಬ್ಯಾಬಿಲೋನಿಯಾದವರು ಮಣ್ಣಿನ ಹಲಗೆಯ ಮೇಲೆ ಹಲ್ಲಿನ ಹುಳದ ಕಥೆ ಬರೆದಿಟ್ಟಿದ್ದರು. ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ 1728ರಲ್ಲಿ ಈ ಹುಳದ ಮಾತನ್ನು ಒಪ್ಪಲಿಲ್ಲ. 1890ರ ಹೊತ್ತಿಗೆ ವಿಲ್ಲೋಬಿ ಮಿಲ್ಲರ್ ಎಂಬ ವಿಜ್ಞಾನಿ ನಿಜವಾದ ಕಾರಣ ತೋರಿಸಿದರು. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆ, ಪಿಷ್ಟ ತಿಂದು ಆಮ್ಲ ಬಿಡುತ್ತವೆ. ಆ ಆಮ್ಲ ಹಲ್ಲನ್ನು ಕರಗಿಸುತ್ತದೆ.

ಹುಳ ಅಂದುಕೊಂಡರೆ ಏನು ನಷ್ಟ ಅಂತ ನೀವು ಕೇಳಬಹುದು. ನಷ್ಟ ಇದೆ. ಹುಳ ಅಂದರೆ ಎಲ್ಲಿಂದಲೋ ಬಂದದ್ದು, ಒಂದು ದಿನ ಹೊಕ್ಕದ್ದು, ಕಿತ್ತು ಹಾಕಿದರೆ ಮುಗಿಯುವಂಥದ್ದು. ಹಲ್ಲು ಹಾಳಾಗುವ ರೀತಿ ಹಾಗಿಲ್ಲ. ಅದೊಂದು ಜಮಾ-ಖರ್ಚಿನ ಲೆಕ್ಕ. ದಿನಾ ನಡೆಯುತ್ತದೆ, ನಿಮಗೆ ಗೊತ್ತಾಗದಂತೆ ನಡೆಯುತ್ತದೆ.

ಹಲ್ಲಿನ ಮೇಲಿನ ಬಿಳಿ ಪದರಕ್ಕೆ ಎನಾಮೆಲ್ ಅನ್ನುತ್ತೇವೆ. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಆಮ್ಲ ಎಷ್ಟಿದೆ ಅಂತ ಹೇಳುವ ಅಳತೆ ಪಿಎಚ್; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು. ಹಲ್ಲಿನ ಮೇಲಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಅಷ್ಟು ಗಟ್ಟಿ ಪದರವೂ ಕರಗತೊಡಗುತ್ತದೆ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಪಿಎಚ್ ಅಲ್ಲಿಗೆ ಇಳಿಯುತ್ತದೆ. ಆಮೇಲೆ ಜೊಲ್ಲು ಕೆಲಸ ಶುರು ಮಾಡುತ್ತದೆ. ಆಮ್ಲವನ್ನು ತೊಳೆದು, ಕರಗಿ ಹೋದ ಕ್ಯಾಲ್ಸಿಯಂ, ಫಾಸ್ಫೇಟ್‌ಗಳನ್ನು ಹಲ್ಲಿಗೆ ವಾಪಸ್ ಕೊಡುತ್ತದೆ. ಇದಕ್ಕೆ ಅರ್ಧ ಗಂಟೆ ಬೇಕು, ಕೆಲವರಿಗೆ ಒಂದು ಗಂಟೆ. ಅಷ್ಟರೊಳಗೆ ಇನ್ನೊಂದು ಗುಟುಕು ಸಿಹಿ ಹೋಯಿತೋ, ಲೆಕ್ಕ ಮತ್ತೆ ಮೊದಲಿನಿಂದ.

ಹಾಗಾಗಿ ನಾನು "ಎಷ್ಟು ಸಿಹಿ ತಿಂತೀರಿ" ಅಂತ ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ದಿನಕ್ಕೆ ಎಷ್ಟು ಸಲ ಅಂತ ಕೇಳುತ್ತೇನೆ. ಒಬ್ಬರು ಬರುತ್ತಿದ್ದರು, ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಎರಡು ಹೊತ್ತೂ ನಿಷ್ಠೆಯಿಂದ ಹಲ್ಲುಜ್ಜುತ್ತಾರೆ. ಆದರೂ ಪ್ರತಿ ಸಲ ಬಂದಾಗ ಒಂದೋ ಎರಡೋ ಹೊಸ ತೂತು. ಸಿಹಿತಿಂಡಿ ಮುಟ್ಟುವುದೇ ಇಲ್ಲ ಅಂತ ಆಣೆ ಮಾಡಿದರು. ವಿಚಾರಿಸಿದಾಗ ಗೊತ್ತಾಯಿತು, ಮೇಜಿನ ಮೇಲೆ ಸಕ್ಕರೆ ಹಾಕಿದ ಕಾಫಿಯ ದೊಡ್ಡ ಮಗ್ ಇರುತ್ತದೆ. ಹತ್ತು ನಿಮಿಷಕ್ಕೊಂದು ಗುಟುಕು. ಒಟ್ಟು ಸಕ್ಕರೆ ಎರಡು ಚಮಚ ಇರಬಹುದು, ಅಷ್ಟೆ. ಆದರೆ ಬೆಳಿಗ್ಗೆಯಿಂದ ಸಂಜೆವರೆಗೆ ಅವರ ಬಾಯಿಗೆ ಬಿಡುವೇ ಇರಲಿಲ್ಲ. ಕಾಫಿ ಬಿಡಿ ಅಂತ ನಾನು ಹೇಳಲಿಲ್ಲ, ಹೇಳಿದ್ದರೆ ಅವರು ನನ್ನನ್ನೇ ಬಿಡುತ್ತಿದ್ದರು. ಕುಡಿಯುವುದನ್ನು ಹತ್ತು ನಿಮಿಷದಲ್ಲಿ ಕುಡಿದು ಮುಗಿಸಿ, ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಳ್ಳಿ ಅಂದೆ.

ಈ 'ಎಷ್ಟು ಸಲ' ಎಂಬ ಮಾತಿನ ಹಿಂದೆ ಒಂದು ಕಹಿ ಕಥೆಯೂ ಇದೆ. ಸ್ವೀಡನ್ನಿನ ವಿಪೆಹೋಲ್ಮ್ ಎಂಬಲ್ಲಿ ಬುದ್ಧಿಮಾಂದ್ಯರ ಆಸ್ಪತ್ರೆಯೊಂದಿತ್ತು. 1940ರ ದಶಕದಲ್ಲಿ ಅಲ್ಲಿದ್ದವರಿಗೆ ಬೇಕೆಂದೇ ಅಂಟುವ ಟಾಫಿ ತಿನ್ನಿಸಿ ಹಲ್ಲು ಹೇಗೆ ಕೆಡುತ್ತದೆ ಅಂತ ನೋಡಿದರು. ಬೇಡ ಅನ್ನುವ ಸ್ಥಿತಿಯಲ್ಲಿ ಆ ಜನ ಇರಲಿಲ್ಲ. ಇವತ್ತು ಯಾರೂ ಅದನ್ನು ಸಮರ್ಥಿಸುವುದಿಲ್ಲ. ಆದರೆ ಅದರಿಂದ ಸಿಕ್ಕ ಉತ್ತರವನ್ನು ನಾವೆಲ್ಲ ಓದಿಯೇ ಬಂದಿದ್ದೇವೆ: ಊಟದ ಜೊತೆ ತಿಂದ ಸಕ್ಕರೆಯಿಂದ ಆದ ಹಾನಿ ಕಡಿಮೆ. ಊಟಗಳ ನಡುವೆ ಆಗಾಗ ತಿಂದ, ಹಲ್ಲಿಗೆ ಅಂಟುವ ಸಿಹಿಯಿಂದ ಆದದ್ದು ಬಹಳ ಜಾಸ್ತಿ. ಅಂಟುವ ವಿಷಯದಲ್ಲಿ ಬಿಸ್ಕತ್ತು ಕೂಡ ಕಡಿಮೆಯೇನಲ್ಲ. ಚಾಕೊಲೇಟ್ ಕರಗಿ ಗಂಟಲಿಗೆ ಇಳಿಯುತ್ತದೆ, ಬಿಸ್ಕತ್ತು ದವಡೆ ಹಲ್ಲಿನ ಗುಳಿಯಲ್ಲಿ ಮೆತ್ತಿಕೊಂಡು ಕೂರುತ್ತದೆ.

ಬಾಯಿಗೆ ಸಿಗುವ ಅತಿ ದೊಡ್ಡ ಬಿಡುವು ರಾತ್ರಿ. ಆದರೆ ನಿದ್ದೆಯಲ್ಲಿ ಜೊಲ್ಲು ತುಂಬಾ ಕಡಿಮೆ ಸುರಿಯುತ್ತದೆ. ಹಲ್ಲಿನ ಮೇಲೆ ಏನಾದರೂ ಉಳಿದಿದ್ದರೆ ಬೆಳಗಿನವರೆಗೆ ಅದನ್ನು ತೊಳೆಯುವವರಿಲ್ಲ. ಬೆಳಿಗ್ಗೆ ಉಜ್ಜುವುದನ್ನು ಯಾರೂ ಮರೆಯುವುದಿಲ್ಲ, ಬಾಯಿ ವಾಸನೆಯ ಭಯ ಇದೆಯಲ್ಲ. ರಾತ್ರಿಯದನ್ನು ಬಿಡುವವರೇ ಹೆಚ್ಚು. ದಿನಕ್ಕೆ ಒಂದೇ ಸಲ ಉಜ್ಜುತ್ತೇನೆ ಅಂತ ಯಾರಾದರೂ ಹಟ ಹಿಡಿದರೆ, ಹಾಗಾದರೆ ರಾತ್ರಿ ಉಜ್ಜಿ ಅನ್ನುತ್ತೇನೆ. ಎರಡು ಸಲ ಬೇಕು, ಅದು ಬೇರೆ ಮಾತು.

ಉಜ್ಜಿದ ಮೇಲೆ ನೀವು ಏನು ಮಾಡುತ್ತೀರಿ? ಹತ್ತು ಸಲ ಬಾಯಿ ಮುಕ್ಕಳಿಸುತ್ತೀರಿ, ಅಲ್ವಾ? ಅಲ್ಲೇ ಪೇಸ್ಟಿನ ಅರ್ಧ ಲಾಭ ಚರಂಡಿಗೆ ಹೋಗುತ್ತದೆ. ಪೇಸ್ಟಿನಲ್ಲಿ ಮುಖ್ಯವಾದದ್ದು ಫ್ಲೋರೈಡ್. ಕರಗಿದ ಖನಿಜ ಹಲ್ಲಿಗೆ ವಾಪಸ್ ಸೇರುವಾಗ ಫ್ಲೋರೈಡ್ ಜೊತೆಗೆ ಸೇರಿಕೊಂಡರೆ, ಹೊಸದಾಗಿ ಕಟ್ಟಿದ ಪದರ ಆಮ್ಲಕ್ಕೆ ಮೊದಲಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಅದಕ್ಕೆ ಅದು ಹಲ್ಲಿನ ಮೇಲೆ ಸ್ವಲ್ಪ ಹೊತ್ತು ಇರಬೇಕು. ನೊರೆ ಉಗುಳಿ, ಮುಕ್ಕಳಿಸಬೇಡಿ. ಮೊದಮೊದಲು ಒಂಥರಾ ಅನ್ನಿಸುತ್ತದೆ, ವಾರದಲ್ಲಿ ರೂಢಿಯಾಗುತ್ತದೆ. ಪೇಸ್ಟಿನ ಡಬ್ಬಿ ತಿರುಗಿಸಿ ನೋಡಿ, ದೊಡ್ಡವರಿಗೆ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ಫ್ಲೋರೈಡ್ ಇದ್ದರೆ ಸರಿ. ಇದ್ದಿಲು, ಉಪ್ಪು, ಹೊಳಪು ಅಂತ ಮುಂದೆ ಏನೇ ಬರೆದಿರಲಿ, ನಾನು ನೋಡುವುದು ಈ ಒಂದು ಅಂಕಿಯನ್ನು. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ಷಿನ ಉದ್ದಕ್ಕೂ ಹಾವಿನಂತೆ ಪೇಸ್ಟ್ ಹಾಕಬೇಕಿಲ್ಲ. ಅದರಿಂದ ಲಾಭ ಪೇಸ್ಟ್ ಮಾರುವವರಿಗೆ.

ಬ್ರಷ್ ಮೆತ್ತಗಿರಲಿ. ಗರಗಸ ಎಳೆದಂತೆ ಅಡ್ಡಡ್ಡ ಉಜ್ಜುವವರ ಹಲ್ಲು ನೋಡಿದ ತಕ್ಷಣ ಗೊತ್ತಾಗುತ್ತದೆ. ವಸಡಿನ ಹತ್ತಿರ ಕೊಡಲಿಯಲ್ಲಿ ಕಚ್ಚು ಹಾಕಿದ ಹಾಗೆ ಸವೆದಿರುತ್ತದೆ, ತಣ್ಣೀರು ತಾಗಿದರೆ ಜುಮ್ ಅನ್ನುತ್ತದೆ. ಬ್ರಷ್ಷಿನ ಎಳೆಗಳನ್ನು ವಸಡು ಮತ್ತು ಹಲ್ಲು ಸೇರುವ ಜಾಗಕ್ಕೆ ಓರೆಯಾಗಿ ಇಟ್ಟು, ಸಣ್ಣಗೆ ಅಲುಗಿಸಿದರೆ ಸಾಕು. ಒಟ್ಟು ಎರಡು ನಿಮಿಷ. ನಿಮ್ಮ ಬ್ರಷ್ ತಿಂಗಳಿಗೇ ಕೆದರಿ ಹೋಗುತ್ತಿದ್ದರೆ ಬ್ರಷ್ ಕಳಪೆ ಅಂತ ಬೈಯಬೇಡಿ, ನೀವು ಜಾಸ್ತಿ ಒತ್ತುತ್ತಿದ್ದೀರಿ. ಇನ್ನೊಂದು ಮಾತು: ಹುಳಿ ಜ್ಯೂಸು, ಸೋಡಾ ಕುಡಿದ ಕೂಡಲೇ, ವಾಂತಿಯಾದ ಕೂಡಲೇ ಉಜ್ಜಬೇಡಿ. ಆಗ ಎನಾಮೆಲ್ ಮೆತ್ತಗಾಗಿರುತ್ತದೆ. ನೀರಿನಿಂದ ಬಾಯಿ ತೊಳೆದು ಅರ್ಧ ಗಂಟೆ ಬಿಡಿ.

ಈಗ ವಸಡಿನ ರಕ್ತದ ವಿಷಯ. ಉಜ್ಜುವಾಗ ರಕ್ತ ಬಂದರೆ ಜನ ಮೊದಲು ಮಾಡುವ ಕೆಲಸ, ಆ ಜಾಗವನ್ನು ಮುಟ್ಟದೆ ಬಿಡುವುದು. ಪಾಪ, ನೋಯುತ್ತದೆ ಅಂತ. ಆದರೆ ಅಲ್ಲಿ ಪಾಚಿ, ಅಂದರೆ ಬ್ಯಾಕ್ಟೀರಿಯಾಗಳ ಅಂಟು ಪದರ, ಕಟ್ಟಿರುವುದರಿಂದಲೇ ವಸಡು ಊದಿಕೊಂಡು ರಕ್ತ ಬರುತ್ತಿರುತ್ತದೆ. ಮುಟ್ಟದೆ ಬಿಟ್ಟರೆ ಪಾಚಿ ಇನ್ನಷ್ಟು ಕಟ್ಟುತ್ತದೆ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹಾರಾಲ್ಡ್ ಲೋ ಎಂಬ ತಜ್ಞರು ಒಂದು ಸರಳ ಪ್ರಯೋಗ ಮಾಡಿದರು. ಆರೋಗ್ಯವಾದ ವಸಡಿನ 12 ಜನ ಹಲ್ಲುಜ್ಜುವುದನ್ನೇ ನಿಲ್ಲಿಸಿದರು. ಮೂರು ವಾರ ಆಗುವುದರೊಳಗೆ ಎಲ್ಲರಿಗೂ ವಸಡು ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಔಷಧಿ ಇಲ್ಲ, ಮೌತ್‌ವಾಶ್ ಇಲ್ಲ. ನಾನು ರೋಗಿಗಳಿಗೆ ಹೇಳುವುದೂ ಇದನ್ನೇ: ಮೆತ್ತಗಿನ ಬ್ರಷ್ಷಿನಿಂದ ಆ ಜಾಗವನ್ನೇ ನಿಧಾನವಾಗಿ ಉಜ್ಜಿ, ಎರಡು ವಾರವಾದರೂ ರಕ್ತ ನಿಲ್ಲದಿದ್ದರೆ ಬನ್ನಿ. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು ಅಷ್ಟು ದಿನವೂ ಕಾಯುವುದು ಬೇಡ. ಸಿಗರೇಟು ಸೇದುವವರಿಗೆ ಮಾತ್ರ ಬೇರೆ ತೊಂದರೆ. ಅವರ ವಸಡಿನ ಒಳಗೆ ಮೂಳೆ ಕರಗುತ್ತಿದ್ದರೂ ರಕ್ತ ಅಷ್ಟಾಗಿ ಬರುವುದಿಲ್ಲ. ಎಚ್ಚರಿಕೆಯ ಗಂಟೆಯೇ ಬಾರಿಸುವುದಿಲ್ಲ.

ಪಾಚಿ ಗಟ್ಟಿಯಾಗಿ ಟಾರ್ಟರ್ ಆದ ಮೇಲೆ ಬ್ರಷ್ಷಿಗೆ ಬಗ್ಗುವುದಿಲ್ಲ. ಕ್ಲೀನಿಂಗ್ ಮಾಡಿಸಲೇಬೇಕು. "ಕ್ಲೀನ್ ಮಾಡಿಸಿದ್ರೆ ಹಲ್ಲು ಅಲ್ಲಾಡುತ್ತಂತಲ್ಲ?" ಈ ಪ್ರಶ್ನೆ ಕೇಳಿ ಕೇಳಿ ನನಗೆ ಉತ್ತರ ಬಾಯಿಪಾಠವಾಗಿದೆ. ಮೂಳೆ ಮೊದಲೇ ಕರಗಿ ಹಲ್ಲು ಸಡಿಲವಾಗಿರುತ್ತದೆ, ಟಾರ್ಟರ್ ಸಿಮೆಂಟಿನಂತೆ ಅಕ್ಕಪಕ್ಕದ ಹಲ್ಲಿಗೆ ಅಂಟಿಸಿ ಹಿಡಿದಿರುತ್ತದೆ. ತೆಗೆದಾಗ ಸಡಿಲ ಕಾಣುತ್ತದೆ, ಸಂದು ಕಾಣುತ್ತದೆ. ಮೊದಲೇ ಬಂದಿದ್ದರೆ ಎರಡೂ ಇರುತ್ತಿರಲಿಲ್ಲ. ಹಲ್ಲುಗಳ ನಡುವಿನ ಸಂದಿಗೆ ಬ್ರಷ್ ಹೋಗುವುದಿಲ್ಲ, ಅಲ್ಲಿಗೆ ಫ್ಲಾಸ್ ದಾರ ಬೇಕು. ಸಂದು ದೊಡ್ಡದಿದ್ದರೆ ಸಣ್ಣ ಸಂದಿ-ಬ್ರಷ್. ದಿನಕ್ಕೊಮ್ಮೆ ಸಾಕು.

ವಯಸ್ಸಾದವರ ಬಗ್ಗೆ ಒಂದೇ ಮಾತು. ಬಿಪಿ, ಖಿನ್ನತೆ, ಅಲರ್ಜಿಗೆ ಕೊಡುವ ಎಷ್ಟೋ ಮಾತ್ರೆಗಳು ಬಾಯಿ ಒಣಗಿಸುತ್ತವೆ. ವಸಡು ಜಾರಿ ಬೇರು ಹೊರಗೆ ಕಾಣುತ್ತಿರುತ್ತದೆ, ಬೇರಿನ ಮೇಲೆ ಎನಾಮೆಲ್ ಇರುವುದಿಲ್ಲ. ಒಣಗಿದ ಬಾಯಿಗೆ ಅಂತ ಸಿಹಿ ಪೆಪ್ಪರ್‌ಮಿಂಟ್ ಚೀಪುತ್ತಾ ಕೂರುವ ಅಜ್ಜ ಅಜ್ಜಿಯರಿಗೆ ಬೇರೇ ಕೆಟ್ಟು ಹೋಗುತ್ತದೆ. ಸಕ್ಕರೆ ಇಲ್ಲದ್ದು ಕೊಡಿ. ಮಾತ್ರೆಗಳ ಪಟ್ಟಿಯನ್ನು ಹಲ್ಲಿನ ಡಾಕ್ಟರಿಗೂ ತೋರಿಸಿ.

ಇನ್ನು ಮಕ್ಕಳು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಪ್ರಪಂಚದಲ್ಲಿ 51 ಕೋಟಿಗೂ ಹೆಚ್ಚು ಮಕ್ಕಳ ಹಾಲು ಹಲ್ಲು ಹುಳುಕಾಗಿದೆ. "ಹಾಲು ಹಲ್ಲು ತಾನೇ ಡಾಕ್ಟ್ರೇ, ಹೇಗೂ ಬಿದ್ದು ಹೋಗುತ್ತೆ" ಎಂಬ ಒಂದು ಮಾತು ಇದಕ್ಕೆ ಎಷ್ಟು ಕಾರಣವೋ! ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಹಿಂದಿನ ಹಾಲು ದವಡೆಗಳು ಹತ್ತರಿಂದ ಹನ್ನೆರಡು ವರ್ಷದವರೆಗೆ ಇರಬೇಕು. ನಾಲ್ಕು ವರ್ಷಕ್ಕೇ ಅವು ಹೋದರೆ ಮಗು ಏನನ್ನು ಅಗಿಯಬೇಕು? ಪಕ್ಕದ ಹಲ್ಲು ಆ ಖಾಲಿ ಜಾಗಕ್ಕೆ ವಾಲುತ್ತದೆ, ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಸಿಗದೆ ಅದು ಸೊಟ್ಟಗೆ ಬರುತ್ತದೆ.

ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ಮಕ್ಕಳಲ್ಲಿ ಹಾನಿಯ ಗುರುತೇ ಬೇರೆ. ಮೇಲಿನ ಮುಂದಿನ ನಾಲ್ಕು ಹಲ್ಲು ಹಾಳಾಗಿರುತ್ತವೆ, ಕೆಳಗಿನವು ಚೆನ್ನಾಗಿರುತ್ತವೆ. ಹೀರುವಾಗ ನಾಲಿಗೆ ಕೆಳಗಿನ ಹಲ್ಲನ್ನು ಮುಚ್ಚಿಕೊಂಡಿರುತ್ತದೆ, ಜೊಲ್ಲೂ ಅಲ್ಲೇ ಪಕ್ಕದಲ್ಲಿ ಒಸರುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ ಮಗುವಿನ ಮೇಲ್ದುಟಿ ಎತ್ತಿ ನೋಡಿ. ವಸಡಿನ ಅಂಚಿಗೆ ಸುಣ್ಣ ಬಳಿದಂತೆ ಬಿಳಿ ಗೆರೆ ಕಂಡರೆ ತಡಮಾಡದೆ ಕರೆದುಕೊಂಡು ಬನ್ನಿ. ಅದು ಹುಳುಕಿನ ಮೊದಲ ಹೆಜ್ಜೆ. ಆ ಹಂತದಲ್ಲಿ ಡ್ರಿಲ್ ಬೇಡ. ಫ್ಲೋರೈಡ್ ವಾರ್ನಿಷ್ ಹಚ್ಚಿ, ರಾತ್ರಿಯ ಬಾಟಲಿ ಬಿಡಿಸಿದರೆ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಕಂದು ಬಣ್ಣಕ್ಕೆ ತಿರುಗಿ ಗುಳಿ ಬಿದ್ದ ಮೇಲೆ ಬಂದರೆ ನನ್ನ ಕೈಯಲ್ಲೂ ಅಷ್ಟು ಸುಲಭ ಇಲ್ಲ.

ಮೊದಲ ಹಲ್ಲು ಕಂಡ ದಿನದಿಂದ ಬ್ರಷ್ ಶುರು. ಮೂರು ವರ್ಷದವರೆಗೆ ಅಕ್ಕಿ ಕಾಳಿನಷ್ಟು ಪೇಸ್ಟ್, ಆಮೇಲೆ ಬಟಾಣಿ ಕಾಳಿನಷ್ಟು. ಹಾಕುವ ಕೈ ನಿಮ್ಮದಿರಲಿ. ಹಲ್ಲುಜ್ಜುವ ಕೈಯೂ ಏಳೆಂಟು ವರ್ಷದವರೆಗೆ ನಿಮ್ಮದೇ. "ಅವನೇ ಉಜ್ಜಿಕೊಳ್ತಾನೆ, ಜಾಣ" ಅಂತ ಹೆಮ್ಮೆಪಡುವ ಅಪ್ಪ ಅಮ್ಮಂದಿರಿಗೆ ನಾನು ಕೇಳುತ್ತೇನೆ, ಶೂ ಲೇಸ್ ತಾನೇ ಕಟ್ಟಿಕೊಳ್ಳುತ್ತಾನಾ? ಇಲ್ಲ ಅಂದರೆ ಒಳಗಿನ ದವಡೆಯನ್ನೂ ಉಜ್ಜಲಾರ. ಮಗುವಿನ ಹಿಂದೆ ನಿಂತು, ತಲೆಯನ್ನು ನಿಮ್ಮ ಎದೆಗೆ ಆನಿಸಿಕೊಂಡು ಉಜ್ಜಿ. ಎದುರಿಗೆ ನಿಂತು ಮಾಡುವ ಯುದ್ಧಕ್ಕಿಂತ ಇದು ಎಷ್ಟೋ ವಾಸಿ.

ನನಗೆ ಎಲ್ಲಕ್ಕಿಂತ ಬೇಜಾರು ಕೊಡುವ ಹಲ್ಲು ಒಂದಿದೆ. ಆರು ವರ್ಷದ ಹೊತ್ತಿಗೆ, ಹಾಲು ಹಲ್ಲುಗಳ ಹಿಂದೆ, ಸದ್ದಿಲ್ಲದೆ ಹುಟ್ಟುವ ದವಡೆ. ಅದು ಬರಲು ಯಾವ ಹಲ್ಲೂ ಬೀಳಬೇಕಿಲ್ಲ, ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದರೂ ಹಾಲು ಹಲ್ಲು ಅಂದುಕೊಳ್ಳುತ್ತಾರೆ. ಅದು ಕೊನೆಯವರೆಗೆ ಇರಬೇಕಾದ ಹಲ್ಲು. ಹತ್ತು ವರ್ಷದ ಮಗುವಿಗೆ ಅದರ ರೂಟ್ ಕೆನಾಲ್ ಮಾಡುವಾಗ ಕೈ ನಡುಗುವುದಿಲ್ಲ, ಮನಸ್ಸು ಮಾತ್ರ ಪಿಚ್ಚೆನ್ನುತ್ತದೆ. ಅದರ ಮೇಲಿನ ಗೀರುಗಳು ಬ್ರಷ್ಷಿನ ಎಳೆಗಿಂತ ಸಪೂರ. ಪೂರ್ತಿ ಮೇಲೆ ಬರಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುತ್ತದೆ, ಬ್ರಷ್ ಅದರ ಮೇಲೆ ತೇಲಿ ಹೋಗುತ್ತದೆ. ಬ್ರಷ್ಷನ್ನು ಅಡ್ಡಕ್ಕೆ ತಿರುಗಿಸಿ, ಕೆನ್ನೆಯ ಕಡೆಯಿಂದ ತೂರಿಸಿ ಉಜ್ಜಬೇಕು. ಪೂರ್ತಿ ಬಂದ ಮೇಲೆ ಆ ಗೀರುಗಳನ್ನು ಸೀಲೆಂಟ್ ಎಂಬ ತೆಳು ಲೇಪದಿಂದ ಮುಚ್ಚಿಸಬಹುದು. ಸೂಜಿ ಇಲ್ಲ, ಡ್ರಿಲ್ ಇಲ್ಲ, ಕೆಲವೇ ನಿಮಿಷದ ಕೆಲಸ.

ಗುರುತಿಸುವುದು ಸುಲಭ. ಮುಂದಿನ ನಡು ಹಲ್ಲಿನಿಂದ ಹಿಂದಕ್ಕೆ ಎಣಿಸುತ್ತಾ ಹೋಗಿ. ಹಾಲು ಹಲ್ಲು ಒಂದು ಬದಿಗೆ ಐದೇ. ಆರನೆಯದು ಸಿಕ್ಕಿತೋ, ಅದೇ ಇದು. ಮೊನ್ನೆ ಒಬ್ಬ ತಾಯಿಗೆ ಹೀಗೆ ಹೇಳಿ ಕಳಿಸಿದ್ದೆ. ರಾತ್ರಿ ಒಂಬತ್ತಕ್ಕೆ ಫೋನ್ ಬಂತು. ಆ ಕಡೆ ಮಗು ಬಾಯಿ ತೆರೆದುಕೊಂಡೇ ಏನೋ ಗೊಣಗುತ್ತಿತ್ತು.

"ಟಾರ್ಚ್ ಹಾಕಿ ನೋಡ್ತಿದೀನಿ ಡಾಕ್ಟ್ರೇ. ಕೆಳಗೆ ಎಡಕ್ಕೆ ಆರು ಇದೆ. ಬಲಕ್ಕೆ ಇನ್ನೂ ಐದೇ."