ನೂರು ಸೀರೆಗೆ ಎರಡು ದೂರು

ಇಳಕಲ್‌ನಲ್ಲಿ ನನಗೆ ಪರಿಚಯದ ಅಕ್ಕ ಒಬ್ಬರಿದ್ದಾರೆ. ಮನೆಯಲ್ಲೇ ಮಗ್ಗ. ನೇಯ್ದ ಸೀರೆಗಳನ್ನು ಆನ್‌ಲೈನ್ ಮಾರುಕಟ್ಟೆಯೊಂದರಲ್ಲಿ ಮಾರುತ್ತಾರೆ. ಒಂದು ಬೆಳಿಗ್ಗೆ ಅವರ ಮೊಬೈಲಿಗೆ ಸಂದೇಶ ಬಂತು. ದೂರಿನ ಪ್ರಮಾಣ ಮಿತಿ ಮೀರಿದೆ, ನಿಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ ಅಂತ. ಎರಡು ತಿಂಗಳಲ್ಲಿ ಹೋಗಿದ್ದು 100 ಸೀರೆ, ಬಂದಿದ್ದು 2 ದೂರು.

ಮೊದಲನೆಯವರ ದೂರು, ಫೋಟೋದಲ್ಲಿದ್ದ ಕೆಂಪು ಇದಲ್ಲ ಎಂದು. ಎರಡನೇ ಸೀರೆ ವಾಪಸ್ ಬಂದಿತ್ತು. ಆ ಪೊಟ್ಟಣ ಬಿಚ್ಚುವಾಗ ನಾನೂ ಪಕ್ಕದಲ್ಲೇ ಇದ್ದೆ. ಸೀರೆಯಿಂದ ಸೆಂಟಿನ ವಾಸನೆ ಬಂತು. ಹೆಗಲ ಮೇಲೆ ಸೆರಗು ಕೂರುವ ಜಾಗದಲ್ಲಿ ಪಿನ್ನು ಚುಚ್ಚಿದ ಎರಡು ತೂತು. ಯಾರೋ ಮದುವೆಗೆ ಉಟ್ಟು ಕಳಿಸಿದ್ದರು. ಆದರೆ ಎರಡೂ ದೂರಿನಲ್ಲಿ ಆರಿಸಿದ್ದ ಕಾರಣ ಒಂದೇ: ವಸ್ತು ಹೇಳಿದಂತೆ ಇಲ್ಲ.

'ನೂರರಾಗ ಎರಡಕ್ಕ ಅಂಗಡಿ ಮುಚ್ಚತಾರೇನ್ರೀ?' ಎಂದು ಅಕ್ಕ ಕೇಳಿದರು. ಈ ಪ್ರಶ್ನೆಗೆ ಸರಿಯಾದ ಉತ್ತರ ಇರುವುದು ಸಂಖ್ಯಾಶಾಸ್ತ್ರದಲ್ಲಿ.

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ರೀಫಂಡ್ ಅಂದರೆ ಮಾರಿದವರೋ ಮಾರುಕಟ್ಟೆಯೋ ದುಡ್ಡು ವಾಪಸ್ ಕೊಡುವುದು. ಚಾರ್ಜ್‌ಬ್ಯಾಕ್ ಬೇರೆ. ಅಲ್ಲಿ ಕೊಂಡವರು ಅಂಗಡಿಯನ್ನು ಬಿಟ್ಟು ನೇರವಾಗಿ ತಮ್ಮ ಬ್ಯಾಂಕಿಗೆ ಹೋಗಿ, ಈ ಕಾರ್ಡ್ ಪಾವತಿ ಸರಿಯಿಲ್ಲ ಅನ್ನುತ್ತಾರೆ. ಬ್ಯಾಂಕು ಹಣವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅಮೆರಿಕದಲ್ಲಿ 1974ರ ಒಂದು ಕಾನೂನು ಕ್ರೆಡಿಟ್ ಕಾರ್ಡ್ ಬಿಲ್ಲಿನ ಮೇಲೆ ತಕರಾರು ಎತ್ತುವ ಹಕ್ಕನ್ನು ಗ್ರಾಹಕರಿಗೆ ಕೊಟ್ಟಿತು. ಚಾರ್ಜ್‌ಬ್ಯಾಕ್ ಬೆಳೆದು ಬಂದ ದಾರಿ ಅದು. ನಮ್ಮಲ್ಲಿ ವಸ್ತು ಕೈಗೆ ಬಂದಮೇಲೆ ನಗದು ಕೊಡುವ ಪದ್ಧತಿ ಜಾಸ್ತಿ. ಅಲ್ಲಿ ಕಾರ್ಡೇ ಇಲ್ಲ, ಹಾಗಾಗಿ ಚಾರ್ಜ್‌ಬ್ಯಾಕೂ ಇಲ್ಲ. ಬಾಗಿಲಲ್ಲೇ ಬೇಡ ಅಂದ ಪೊಟ್ಟಣಗಳು ಮಾರುವವರ ಮನೆಗೆ ವಾಪಸ್ ಬರುತ್ತವೆ, ಅಷ್ಟೆ.

ಕಾರ್ಡ್ ಕಂಪನಿಗಳು ಇದನ್ನು ಕಣ್ಣಿಟ್ಟು ಎಣಿಸುತ್ತವೆ. ಮಾಸ್ಟರ್‌ಕಾರ್ಡ್‌ನ ನಿಯಮದಂತೆ ತಿಂಗಳಿಗೆ ಕನಿಷ್ಠ 100 ಚಾರ್ಜ್‌ಬ್ಯಾಕ್ ಬಂದು, ಅದರ ಪ್ರಮಾಣವೂ ಶೇಕಡ 1.5 ಮುಟ್ಟಿದರೆ ವ್ಯಾಪಾರಿ ನಿಗಾಪಟ್ಟಿಗೆ ಸೇರುತ್ತಾನೆ. ಆಮೇಲೆ ದಂಡ. ಮಾರುಕಟ್ಟೆಗಳು ತಮ್ಮ ಮಾರಾಟಗಾರರಿಗೆ ಹಾಕುವ ಗೆರೆ ಇನ್ನೂ ಬಿಗಿ. ಅಮೆಜಾನ್‌ನಲ್ಲಿ ಕೆಟ್ಟ ರೇಟಿಂಗ್, ಹಣ ವಾಪಸ್ ಕೊಡಿಸಿ ಎಂಬ ಕ್ಲೇಮು, ಚಾರ್ಜ್‌ಬ್ಯಾಕ್ ಈ ಮೂರನ್ನೂ ಸೇರಿಸಿ 60 ದಿನದ ಲೆಕ್ಕ ನೋಡುತ್ತಾರೆ. ಅದು ಶೇಕಡ 1ಕ್ಕಿಂತ ಕಡಿಮೆ ಇರಬೇಕು. ಇ-ಬೇ ಎಂಬ ಇನ್ನೊಂದು ಮಾರುಕಟ್ಟೆ, ತನ್ನ ಗೆರೆ ದಾಟಿದವರನ್ನು ಹುಡುಕಾಟದ ಫಲಿತಾಂಶದಲ್ಲಿ ಕೆಳಕ್ಕೆ ತಳ್ಳುತ್ತದೆ, ಶುಲ್ಕವನ್ನೂ ಏರಿಸುತ್ತದೆ.

ಯಾಕಿಷ್ಟು ಬಿಗಿ? ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲೇ ಹಳೇ ಕಾರುಗಳ ಸಂತೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ವಿವರಿಸಿದ್ದರು. ಯಾವ ಕಾರು ಒಳ್ಳೇದು, ಯಾವುದು ಡಬ್ಬ ಅಂತ ಕೊಳ್ಳುವವರಿಗೆ ಗೊತ್ತಾಗದಿದ್ದರೆ ಅವರು ಎಲ್ಲದಕ್ಕೂ ಕಡಿಮೆ ಬೆಲೆಯನ್ನೇ ಕೇಳುತ್ತಾರೆ. ಆ ಬೆಲೆ ಗಿಟ್ಟದೆ ಒಳ್ಳೇ ಕಾರಿನವರು ಸಂತೆ ಬಿಟ್ಟು ಹೋಗುತ್ತಾರೆ. ಉಳಿಯುವುದು ಡಬ್ಬಗಳೇ. ಈ ಕೆಲಸವೂ ಸೇರಿದಂತೆ ಅವರಿಗೆ 2001ರಲ್ಲಿ ನೊಬೆಲ್ ಸಿಕ್ಕಿತು. ಅಂದರೆ ಮೋಸಗಾರರನ್ನು ಹೊರಗಿಡದ ಮಾರುಕಟ್ಟೆಯಲ್ಲಿ ನಮ್ಮ ಅಕ್ಕನಂಥವರಿಗೂ ಜಾಗ ಇರುವುದಿಲ್ಲ. ಈ ಮಾತನ್ನು ನಾನು ಮನಸಾರೆ ಒಪ್ಪುತ್ತೇನೆ.

ತೊಂದರೆ ಇರುವುದು ಅಳೆಯುವ ರೀತಿಯಲ್ಲಿ. ಗೆರೆ ಶೇಕಡ 1, ಅದನ್ನು ಮೀರಿದರೆ ತಡೆ ಎಂದಿಟ್ಟುಕೊಳ್ಳೋಣ. ಅಕ್ಕ ನಿಜಕ್ಕೂ ಒಳ್ಳೆಯ ಮಾರಾಟಗಾರ್ತಿ, 200 ಸೀರೆಗೆ ಸರಾಸರಿ ಒಂದೇ ದೂರು ಬರುತ್ತದೆ ಎಂದುಕೊಳ್ಳಿ. ಹಾಗಿದ್ದರೂ ಯಾವುದೋ ಒಂದು 100ರ ಕಂತಿನಲ್ಲಿ ಎರಡೋ ಅದಕ್ಕಿಂತ ಹೆಚ್ಚೋ ದೂರು ಸುಮ್ನೆ ಆಕಸ್ಮಿಕವಾಗಿ ಬೀಳುವ ಸಂಭವ ಎಷ್ಟು? ಲೆಕ್ಕ ಹಾಕಿದರೆ ಸುಮಾರು ಶೇಕಡ 9 ಬರುತ್ತದೆ. ಇಂಥ 10,000 ಜನ ಪ್ರಾಮಾಣಿಕರಿದ್ದರೆ ಅವರಲ್ಲಿ ಸುಮಾರು 900 ಮಂದಿ ಏನೂ ತಪ್ಪು ಮಾಡದೆ ಗೆರೆ ದಾಟುತ್ತಾರೆ! ಇನ್ನೊಂದು ಕಡೆ ನೋಡಿ. 100ಕ್ಕೆ 2 ದೂರು ತರುವಷ್ಟು ಕಳಪೆ ಮಾರಾಟಗಾರನಿಗೆ ಅದೇ 100ರಲ್ಲಿ ಒಂದೋ ಸೊನ್ನೆಯೋ ದೂರು ಬಂದು ಪಾರಾಗುವ ಸಂಭವ ಶೇಕಡ 40. ನಾಣ್ಯ ಚಿಮ್ಮಿದಾಗ ನಾಲ್ಕು ಸಲ ಸತತವಾಗಿ ಒಂದೇ ಮುಖ ಬಿದ್ದರೆ ನಾಣ್ಯವೇ ಸರಿಯಿಲ್ಲ ಅನ್ನೋಕಾಗುತ್ತಾ? ಇದೂ ಹಾಗೆಯೇ.

ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಹಳೆಯ ಮದ್ದಿದೆ. ಮಾರುವವರ ಲೆಕ್ಕಕ್ಕೆ ಊಹೆಯ ಸಾಲ ಕೊಡುವುದು. ಇಡೀ ಮಾರುಕಟ್ಟೆಯಲ್ಲಿ 200ಕ್ಕೆ ಒಂದು ದೂರು ಸಾಮಾನ್ಯ ಎಂದಾದರೆ, ಪ್ರತಿಯೊಬ್ಬರ ಲೆಕ್ಕಕ್ಕೂ 200 ಮಾರಾಟ ಮತ್ತು 1 ದೂರನ್ನು ಮೊದಲೇ ಸೇರಿಸಿಡುತ್ತಾರೆ. ಆಗ ಅಕ್ಕನ ಲೆಕ್ಕ 300ಕ್ಕೆ 3, ಅಂದರೆ ಶೇಕಡ 1. ಗೆರೆಯ ಮೇಲೆ ನಿಂತಿದ್ದಾರೆ, ಅಂಗಡಿ ಮುಚ್ಚಿಸುವ ಕಾಲ ಬಂದಿಲ್ಲ. 10,000 ಮಾರಿ 200 ದೂರು ತಂದ ದೊಡ್ಡ ಅಂಗಡಿಗೆ ಇದೇ ಸಾಲ ಕೊಟ್ಟರೂ ಶೇಕಡ 1.97ಕ್ಕೆ ಇಳಿಯುತ್ತದೆ, ಅಷ್ಟೆ. ಇಬ್ಬರದ್ದೂ ಶೇಕಡ 2 ಆಗಿತ್ತು. ಆದರೆ ಸಾಕ್ಷಿ ಒಂದೇ ತೂಕದ್ದಲ್ಲ. ಮಾಸ್ಟರ್‌ಕಾರ್ಡ್ ಪ್ರಮಾಣದ ಜೊತೆಗೆ 100ರ ಸಂಖ್ಯೆಯನ್ನೂ ಕೇಳುತ್ತದಲ್ಲ, ಅದರಿಂದಲೂ ಹೆಚ್ಚುಕಡಿಮೆ ಇದೇ ಕೆಲಸ ಆಗುತ್ತದೆ. ಕಾರ್ಡ್ ಕಂಪನಿ ತೋರುವ ಈ ನಿಧಾನ ಮಾರುಕಟ್ಟೆಯ ಸಣ್ಣ ಮಾರಾಟಗಾರರಿಗೂ ಸಿಗಬೇಕು ಎನ್ನುವುದು ನನ್ನ ವಾದ.

ಮಾರುಕಟ್ಟೆ ಕಾಯಬಹುದಲ್ವಾ, ಇನ್ನೂ 200 ಸೀರೆ ಹೋಗಲಿ ಅಂತ? ಅಲ್ಲೇ ಇರುವುದು ನಿಜವಾದ ಬಿಕ್ಕಟ್ಟು. ಎಷ್ಟೋ ಬಗೆಯ ಚಾರ್ಜ್‌ಬ್ಯಾಕ್‌ಗೆ ಕೊಂಡವರು 120 ದಿನದವರೆಗೆ ಅರ್ಜಿ ಹಾಕಬಹುದು. ಮಾರಿದವರ ಕೈಗೆ ದುಡ್ಡು ಅದಕ್ಕಿಂತ ಎಷ್ಟೋ ಮೊದಲೇ ಸೇರಿರುತ್ತದೆ. ಖದೀಮರಿಗೆ ಈ ಸಂದು ಚೆನ್ನಾಗಿ ಗೊತ್ತು. ಕೆಲವು ತಿಂಗಳು ಮೊಬೈಲ್ ಕವರು, ಕೀಚೈನು ಮಾರಿ ಒಳ್ಳೆಯ ಹೆಸರು ಗಳಿಸುತ್ತಾರೆ. ಒಂದು ದಿನ ದುಬಾರಿ ಫೋನುಗಳನ್ನು ಅರ್ಧ ಬೆಲೆಗೆ ಹಾಕುತ್ತಾರೆ. ನೂರಾರು ಆರ್ಡರ್ ಬರುತ್ತವೆ, ದುಡ್ಡು ಖಾತೆಗೆ ಬೀಳುತ್ತದೆ, ಆಸಾಮಿ ನಾಪತ್ತೆ. ದೂರು ಬರುವ ಹೊತ್ತಿಗೆ ಖಾತೆ ಖಾಲಿ. ಹಾಗಾಗಿ ದೂರಿನ ಪ್ರಮಾಣ ನಿನ್ನೆಯ ಸುದ್ದಿ ಇದ್ದಂತೆ. ಅದನ್ನೊಂದೇ ನಂಬಿ ಕೂರುವಂತಿಲ್ಲ.

ಅದಕ್ಕೇ ದುಡ್ಡನ್ನು ಸ್ವಲ್ಪ ದಿನ ಹಿಡಿದಿಟ್ಟುಕೊಳ್ಳುತ್ತಾರೆ. ವಸ್ತು ಕೊಂಡವರಿಗೆ ತಲುಪಿ 7 ದಿನ ಆಗುವವರೆಗೆ ಆ ಹಣ ಬಿಡದಿರುವುದು ಅಮೆಜಾನ್‌ನಲ್ಲಿರುವ ಒಂದು ಪದ್ಧತಿ. ಮಾರಾಟ ದಿಢೀರ್ ಏರಿದರೆ, ಬ್ಯಾಂಕ್ ಖಾತೆ ಬದಲಾದರೆ, ಮಾರುವ ಸರಕಿನ ಬೆಲೆ ಒಮ್ಮೆಲೇ ಜಿಗಿದರೆ ಅನುಮಾನ ಪಡುವುದೂ ಇದೇ ಲೆಕ್ಕದ್ದು. ಅಂಗಡಿ ಮುಚ್ಚಿಸುವುದಕ್ಕಿಂತ ಇದು ಮೇಲು ಅನ್ನಿಸುತ್ತದೆ. ಆದರೆ ಮಗ್ಗದ ಮನೆಯಲ್ಲಿ ಮುಂದಿನ ಸೀರೆಯ ನೂಲಿಗೆ ಹಿಂದಿನ ಸೀರೆಯ ದುಡ್ಡೇ ಬೇಕು. ಪರದೆಯ ಮೇಲೆ ಬರೀ 'ಬಾಕಿ' ಎಂದು ಕಾಣುವುದು ಅಲ್ಲಿ ಒಂದು ವಾರ ನಿಂತ ಮಗ್ಗ.

ಯುರೋಪ್ ಒಕ್ಕೂಟದಲ್ಲಿ 2020ರ ಜುಲೈನಿಂದ ಒಂದು ನಿಯಮ ಜಾರಿಯಾಯಿತು. ಮಾರಾಟಗಾರರನ್ನು ತಡೆದರೆ ಕಾರಣವನ್ನು ಬರೆದು ಕೊಡಬೇಕು, ಪೂರ್ತಿ ಹೊರಹಾಕುವುದಾದರೆ ಸಾಮಾನ್ಯವಾಗಿ 30 ದಿನ ಮೊದಲೇ ತಿಳಿಸಬೇಕು. ನಮ್ಮಲ್ಲಿ 2020ರ ಇ-ವಾಣಿಜ್ಯ ನಿಯಮಗಳು ಗ್ರಾಹಕರ ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿ, ಒಂದು ತಿಂಗಳೊಳಗೆ ಬಗೆಹರಿಸಲು ಹೇಳುತ್ತವೆ. ಮಾರುವ ಸಣ್ಣವರಿಗೂ ಇಷ್ಟು ದಿನದೊಳಗೆ ಉತ್ತರ ಎಂಬ ಭರವಸೆ ಬೇಕು.

ಅಕ್ಕನಿಗೆ ಮೂರು ಪ್ರಶ್ನೆ ಬಂದಿದ್ದವು. ತೊಂದರೆಗೆ ಕಾರಣ ಏನು, ಏನು ಸರಿಪಡಿಸಿದಿರಿ, ಮತ್ತೆ ಆಗದಂತೆ ಏನು ಮಾಡುತ್ತೀರಿ. ಪಿನ್ನಿನ ತೂತುಗಳ ಫೋಟೋ ಕಳಿಸಿದೆವು. ಕೆಂಪಿನ ವಿಷಯದಲ್ಲಿ ಮಾತ್ರ ತಪ್ಪು ನಮ್ಮದೇ ಇತ್ತು. ಫೋಟೋ ತೆಗೆದಿದ್ದು ಟ್ಯೂಬ್‌ಲೈಟಿನ ಕೆಳಗೆ, ಮೊಬೈಲ್ ಕ್ಯಾಮೆರಾ ಬಣ್ಣವನ್ನು ತನಗೆ ತೋಚಿದಂತೆ ತಿದ್ದಿತ್ತು. ಸೆರಗು ಗುಲಾಬಿಯತ್ತ ವಾಲಿತ್ತು.

ಹನ್ನೆರಡನೇ ದಿನಕ್ಕೆ ಖಾತೆ ತೆರೆಯಿತು. ಈಗ ಅಕ್ಕ ಬೆಳಗಿನ ಹತ್ತು ಗಂಟೆಗೆ ಮಾಳಿಗೆಯ ಮೇಲೆ ಸೀರೆ ಹರಡುತ್ತಾರೆ. ಸೆರಗಿನ ಪಕ್ಕ ಒಂದು ಬಟ್ಟಲು ಕುಂಕುಮ ಇಟ್ಟು ಫೋಟೋ ತೆಗೆಯುತ್ತಾರೆ. ಕೊಳ್ಳುವವರ ಮನೆಯಲ್ಲೂ ಕುಂಕುಮ ಇರುತ್ತದಲ್ಲ, ಅದರ ಪಕ್ಕ ಇಟ್ಟು ನೋಡಿಕೊಳ್ಳಲಿ ಅಂತ.